ಗೆಳೆತನ, ಧೈರ್ಯ, ಬೆಳೆಯುವ ಹೊತ್ತು: ಮಗುವಿಗೆ ಜಗತ್ತಿನ ಪುಸ್ತಕ ಆರಿಸುವುದು ಹೇಗೆ

ದಸರಾ ರಜೆ, ಬೇಸಿಗೆ ರಜೆ ಹತ್ತಿರ ಬಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ತಂದೆ ತಾಯಿ, ಶಿಕ್ಷಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಮ್ಮ ಹುಡುಗಗ ಯಾವ ಪುಸ್ತಕ ಕೊಡಸೂಣ್ರೀ?" ಪಂಚತಂತ್ರ, ತೆನಾಲಿ ರಾಮ, ಅಕ್ಬರ್-ಬೀರಬಲ್ಲ ಮನೆಯಲ್ಲಿ ಆಗಲೇ ಇವೆ. ಬೇರೆ ದೇಶದ ಮಕ್ಕಳು ಹೇಗೆ ಗೆಳೆಯರಾಗುತ್ತಾರೆ, ಹೇಗೆ ಹೆದರುತ್ತಾರೆ, ಹೇಗೆ ದೊಡ್ಡವರಾಗುತ್ತಾರೆ ಎಂದು ಹೇಳುವ ಪುಸ್ತಕ ಬೇಕು ಅನ್ನುತ್ತಾರೆ.

ಬರೀ ಹೆಸರಿನ ಪಟ್ಟಿ ಕೊಟ್ಟರೆ ಅದು ಅರ್ಧ ಉತ್ತರ. ಪಟ್ಟಿ ಹಿಡಿದು ತಂದ ಪುಸ್ತಕ ಶೋಕೇಸಿನಲ್ಲಿ ಧೂಳು ತಿನ್ನುತ್ತ ಕೂಡುವುದೇ ಹೆಚ್ಚು. ಮಗು ಎಷ್ಟು ಓದಬಲ್ಲದು, ಈಗ ಯಾವ ಪೇಚಿನಲ್ಲಿದೆ, ಅದಕ್ಕೆ ಯಾರು ಓದಿ ಹೇಳುತ್ತಾರೆ ಎಂಬುದು ಗೊತ್ತಾದ ಮೇಲೆ ಪುಸ್ತಕದ ಹೆಸರು ಬರಬೇಕು. ಇಲ್ಲಿಯೂ ಅದೇ ಕ್ರಮ.

ಬೇಕಾಗುವ ಸಾಮಾನು ಸ್ವಲ್ಪ: ಒಂದು ನೋಟ್‌ಬುಕ್, ಒಂದು ಜಗತ್ತಿನ ನಕಾಶೆ (ಶಾಲೆಯ ಅಟ್ಲಾಸ್ ನಡೆಯುತ್ತದೆ), ದಿನಕ್ಕೆ 15ರಿಂದ 20 ನಿಮಿಷ, ಓದಿ ಹೇಳುವ ಒಬ್ಬ ಹಿರಿಯರು. ಅದು ಅವ್ವನೇ ಆಗಬೇಕೆಂದಿಲ್ಲ. ಹತ್ತನೇ ತರಗತಿಯ ಅಕ್ಕ, ಕಾಕಾ, ಕನ್ನಡಕ ಏರಿಸಿ ಪೇಪರ್ ಓದುವ ಮುತ್ಯಾ, ಯಾರಾದರೂ ಸರಿ.

1. ವಯಸ್ಸು ಬಿಡಿ, ಓದಿನ ಮಟ್ಟ ನೋಡಿ

ಯಾವುದಾದರೂ ಮಕ್ಕಳ ಪುಸ್ತಕದಲ್ಲಿ ಸುಮಾರು 100 ಪದಗಳ ಒಂದು ಪುಟ ತೆಗೆದು ಮಗುವಿಗೆ ಗಟ್ಟಿಯಾಗಿ ಓದಲು ಹೇಳಿ. ಎಲ್ಲಿ ತಡವರಿಸಿತು ಎಂದು ಮನಸ್ಸಿನಲ್ಲೇ ಎಣಿಸಿ. ಮೂರ್ನಾಲ್ಕು ಕಡೆ ನಿಂತರೆ ಆ ಮಟ್ಟದ ಪುಸ್ತಕವನ್ನು ಮಗು ಒಬ್ಬಂಟಿಯಾಗಿ ಓದುತ್ತದೆ. ಐದರಿಂದ ಹತ್ತು ಕಡೆ ನಿಂತರೆ ಪಕ್ಕದಲ್ಲಿ ಹಿರಿಯರು ಕೂಡಬೇಕು. ಹತ್ತು ದಾಟಿದರೆ ಆ ಪುಸ್ತಕವನ್ನು ನೀವು ಓದಿ, ಮಗು ಕೇಳಲಿ.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಕನ್ನಡದಲ್ಲಿ ಮಕ್ಕಳು ನಿಲ್ಲುವುದು ಬಹುಪಾಲು ಒತ್ತಕ್ಷರದಲ್ಲಿ. 'ಉತ್ಸಾಹ', 'ಸ್ವಾತಂತ್ರ್ಯ', 'ವೈಶಿಷ್ಟ್ಯ' ಇಂಥಲ್ಲಿ ನಾಲಿಗೆ ತೊಡರುತ್ತದೆಯೇ ಹೊರತು ಕತೆ ತಿಳಿಯಲಿಲ್ಲ ಎಂದಲ್ಲ. ನಲಿ-ಕಲಿ ಮುಗಿಸಿ ನಾಲ್ಕನೇ ತರಗತಿಗೆ ಬಂದ ಎಷ್ಟೋ ಮಕ್ಕಳು ನಿಧಾನ ಓದಿದರೂ ಕೇಳಿದ್ದನ್ನು ಪೂರ್ತಿ ಹಿಡಿಯುತ್ತಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳದು ಇನ್ನೊಂದು ಬಗೆ. ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಾರೆ, ಅಕ್ಷರ ಕಂಡರೆ ಹಿಂಜರಿಯುತ್ತಾರೆ. ಇಬ್ಬರ ಕಿವಿಯೂ ಕಣ್ಣಿಗಿಂತ ಎರಡು ಮೂರು ವರ್ಷ ಮುಂದಿರುತ್ತದೆ. ಆದ್ದರಿಂದ ಓದಲು ಒಂದು ಪುಸ್ತಕ, ಕೇಳಲು ಅದಕ್ಕಿಂತ ದೊಡ್ಡದೊಂದು ಪುಸ್ತಕ ಎಂದು ಎರಡು ಸಾಲು ಇಟ್ಟುಕೊಳ್ಳಿ.

ಕೆಲವು ಪುಸ್ತಕಗಳ ಬೆನ್ನ ಮೇಲೆ 'ಹಂತ 1', 'ಹಂತ 2' ಎಂದು ಅಚ್ಚಾಗಿರುತ್ತದೆ. ಪ್ರಥಮ್ ಬುಕ್ಸ್‌ನವರ ಲೆಕ್ಕದಲ್ಲಿ ಹಂತ 1 ಅಂದರೆ 250 ಪದಗಳ ಒಳಗೆ, ಹಂತ 2 ಅಂದರೆ 600ರ ಒಳಗೆ, ಹಂತ 3 ಅಂದರೆ 1500ರ ಒಳಗೆ, ಹಂತ 4 ಅದಕ್ಕೂ ಮೇಲೆ. ಅದು ಕತೆಯ ಉದ್ದದ ಅಳತೆ, ಜಾಣತನದ್ದಲ್ಲ. ಆರನೇ ತರಗತಿಯವನಿಗೆ ಹಂತ 2 ಕೊಡಬೇಕಾಗಿ ಬಂದರೆ ಆ ಅಂಕಿಯ ಮೇಲೆ ಒಂದು ಚೀಟಿ ಅಂಟಿಸಿ ಕೊಡಿ. "ಇದು ಸಣ್ಣ ಹುಡುಗರದು" ಎಂದು ತಮ್ಮನ ಮುಂದೆ ಅವಮಾನ ಆದರೆ ಅಲ್ಲಿಗೆ ಓದು ನಿಂತಿತು.

2. ಮಗು ಈಗ ಯಾವ ಪೇಚಿನಲ್ಲಿದೆ?

ಗೆಳೆತನ, ಧೈರ್ಯ ಅಂದರೆ ದೊಡ್ಡ ಮಾತು. ಮಗುವಿಗೆ ಅದು ಸಣ್ಣ, ಗಟ್ಟಿ ಸಂಗತಿಯಾಗಿ ಬರುತ್ತದೆ. ನಮ್ಮ ಕಡೆ ಹೆಚ್ಚು ಕಾಣುವ ಸಂದರ್ಭಗಳು ಇವು:

- ಐದನೇ ತರಗತಿ ಮುಗಿಸಿ ನವೋದಯ, ಮೊರಾರ್ಜಿ, ವಿಜಯಪುರದ ಸೈನಿಕ ಶಾಲೆ ಅಥವಾ ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆಗೆ ಹೋಗುವ ಮಗು. ಹನ್ನೊಂದನೇ ವಯಸ್ಸಿಗೆ ಮನೆ ಬಿಡುವುದು ಸಣ್ಣ ಮಾತಲ್ಲ.
- ಅಪ್ಪ ಅವ್ವ ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿ, ಆಯಿಯ ಹತ್ತಿರ ಉಳಿದ ಮಗು.
- ಗೆಳೆಯನ ಅಪ್ಪನಿಗೆ ವರ್ಗವಾಗಿ ಜೋಡಿ ಮುರಿದದ್ದು, ಅಥವಾ ಗಲ್ಲಿಯ ಟೀಮಿನಿಂದ ಹೊರಗೆ ಹಾಕಿದ್ದು.
- ಕಾಲು, ಮಾತು, ಮುಖ, ಬಣ್ಣ ಇವುಗಳ ಸಲುವಾಗಿ ಚಾಳಿಸಿಕೊಳ್ಳುವ ಮಗು.
- ಮನೆಯಲ್ಲಿ ಸಾವಾಗಿದ್ದು.
- ಫೀ ಇಲ್ಲದೆ, ಮಳೆ ಇಲ್ಲದೆ ಸಾಲಿ ಬಿಡುವ ಭಯ.

ಇದರಲ್ಲಿ ಒಂದನ್ನು ಹಿಡಿದು ಪುಸ್ತಕ ಹುಡುಕಿ. ಆದರೆ "ನಿನ್ನ ಸಲುವಾಗೇ ತಂದೀನಿ, ಓದಿ ಬುದ್ಧಿ ಕಲಿ" ಎಂದು ಮಾತ್ರ ಹೇಳಬೇಡಿ. ಔಷಧಿ ಎಂದು ಗೊತ್ತಾದ ಕೂಡಲೇ ಮಗು ಬಾಯಿ ಮುಚ್ಚುತ್ತದೆ. ಬೇರೆ ಎರಡು ಪುಸ್ತಕಗಳ ನಡುವೆ ಇದನ್ನೂ ಇಟ್ಟು ಸುಮ್ಮನಿರಿ.

ಧೈರ್ಯದ ಬಗ್ಗೆ ಒಂದು ಮಾತು. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣರ ಚಿತ್ರಪುಸ್ತಕ ನಮ್ಮ ಸೀಮೆಯ ಮನೆಗಳಲ್ಲಿ ಇದ್ದೇ ಇರುತ್ತವೆ, ಇರಬೇಕು ಕೂಡ. ಅವುಗಳಲ್ಲಿ ಕಾಣುವುದು ಖಡ್ಗ ಹಿಡಿದವರ ಧೈರ್ಯ. ಕತ್ತಲಲ್ಲಿ ಒಬ್ಬಳೇ ಬಚ್ಚಲಿಗೆ ಹೋಗುವ, ತಪ್ಪು ಒಪ್ಪಿಕೊಳ್ಳುವ, ಎಲ್ಲರೂ ನಗುವ ಹುಡುಗನ ಪಕ್ಕ ಕೂಡುವ ಧೈರ್ಯದ ಪುಸ್ತಕ ಬಹಳ ಮನೆಗಳಲ್ಲಿ ಇರುವುದಿಲ್ಲ. ಆರಿಸುವಾಗ ಕಣ್ಣು ಅಲ್ಲಿರಲಿ.

3. ಪುಸ್ತಕ ಆರಿಸಿ

ಕನ್ನಡದಲ್ಲಿ ಸಿಗುವವು, ಇಂಗ್ಲಿಷಿನಲ್ಲಿ ಓದಿಕೊಂಡು ನೀವು ಕನ್ನಡದಲ್ಲಿ ಹೇಳಬೇಕಾದವು, ಎರಡೂ ಇಲ್ಲಿವೆ. ವಯಸ್ಸು ಅಂದಾಜಿಗೆ ಮಾತ್ರ.

*5ರಿಂದ 7, ಕೇಳುವ ಮಕ್ಕಳು.* ಈ ವಯಸ್ಸಿಗೆ ದೊಡ್ಡ ಪುಸ್ತಕದ ಗೊಡವೆ ಬೇಡ. ವಿಜಯಪುರ ಸೀಮೆಯ ಶಂ.ಗು. ಬಿರಾದಾರರ 'ನಾವು ಎಳೆಯರು ನಾವು ಗೆಳೆಯರು' ಪದ್ಯವನ್ನು ನಾಲ್ಕು ಮಕ್ಕಳು ಕೈ ಹಿಡಿದು ಹಾಡಿದರೆ ಗೆಳೆತನದ ಮೊದಲ ಪಾಠ ಆಯಿತು. ಅದೇ ಸೀಮೆಯ ಕಂಚ್ಯಾಣಿ ಶರಣಪ್ಪನವರ ಮಕ್ಕಳ ಪದ್ಯಗಳೂ ಬಾಯಲ್ಲಿ ಸಲೀಸಾಗಿ ನಿಲ್ಲುತ್ತವೆ. ಚಿತ್ರಪುಸ್ತಕ ಬೇಕಿದ್ದರೆ ಮಹಾಶ್ವೇತಾ ದೇವಿ ಬರೆದ, ಮೊಯ್ನಾ ಎಂಬ ಶಬರ ಬುಡಕಟ್ಟಿನ ಹುಡುಗಿಯ ಕತೆ 'ದ ವೈ-ವೈ ಗರ್ಲ್' ನೋಡಿ. ಆಡು ಕಾಯುವ ಈ ಹುಡುಗಿ ಎಲ್ಲದಕ್ಕೂ 'ಯಾಕೆ?' ಅನ್ನುತ್ತಾಳೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

*7ರಿಂದ 10.* ಇಲ್ಲಿ ಮೊದಲ ಆಯ್ಕೆ ಜಪಾನಿನ 'ತೊತ್ತೋ-ಚಾನ್'. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದ ಈ ಪುಸ್ತಕ 1981ರಲ್ಲಿ ಬಂತು, ಕನ್ನಡಕ್ಕೂ ಬಂದಿದೆ. ಡೆಸ್ಕಿನ ಮುಚ್ಚಳ ನೂರು ಸಲ ತೆಗೆದು ಹಾಕಿದ್ದಕ್ಕೆ, ಕಿಟಕಿಯಲ್ಲಿ ನಿಂತು ಬೀದಿ ವಾದ್ಯದವರನ್ನು ಕರೆದಿದ್ದಕ್ಕೆ ಮೊದಲ ಶಾಲೆ ಹೊರಹಾಕಿದ ಹುಡುಗಿ ಅವಳು. ರೈಲಿನ ಡಬ್ಬಿಗಳೇ ತರಗತಿಗಳಾದ ಹೊಸ ಶಾಲೆಗೆ ಹೋದಾಗ ಮುಖ್ಯ ಗುರುಗಳು ನಾಲ್ಕು ತಾಸು ಕೂತು ಅವಳ ಮಾತು ಕೇಳುತ್ತಾರೆ. ಅಧ್ಯಾಯಗಳು ಎರಡು ನಾಲ್ಕು ಪುಟದವಾದ್ದರಿಂದ ದಿನಕ್ಕೆ ಒಂದೋ ಎರಡೋ ಮುಗಿಯುತ್ತವೆ. ಓದಿ ಹೇಳಲು ಎರಡು ಪ್ರಸಂಗ ಮೊದಲು ಆರಿಸಿ. ಒಂದು, ಪಾಯಖಾನೆಯ ಗುಂಡಿಗೆ ಬಿದ್ದ ಪರ್ಸು ಹುಡುಕಲು ಅವಳು ಗುಂಡಿಯನ್ನೇ ತೋಡಿ ಹೊರಹಾಕುವುದು. ಗುರುಗಳು ಬೈಯುವುದಿಲ್ಲ, ಆದಮೇಲೆ ಎಲ್ಲ ವಾಪಸ್ಸು ಹಾಕ್ತೀಯಲ್ಲ ಎಂದಷ್ಟೇ ಕೇಳುತ್ತಾರೆ. ಇನ್ನೊಂದು, ಪೋಲಿಯೊ ಆದ ಯಾಸುಆಕಿ-ಚಾನ್‌ನನ್ನು ಅವಳು ಏಣಿ ಇಟ್ಟು ಮರ ಹತ್ತಿಸುವುದು. ಗೆಳೆತನ ಮತ್ತು ಧೈರ್ಯ ಎರಡೂ ಒಂದೇ ಮರದ ಮೇಲಿವೆ.

ಪ್ರೇಮಚಂದರ 'ಈದ್‌ಗಾಹ್' ಕತೆ ಪುಸ್ತಕವಲ್ಲ, ಒಂದು ಕತೆ. ಒಂದೇ ರಾತ್ರಿಗೆ ಸಾಕು. ತಂದೆ ತಾಯಿ ಇಲ್ಲದ ಹಮೀದನ ಕೈಯಲ್ಲಿ ಮೂರು ಪೈಸೆ. ಜಾತ್ರೆಯಲ್ಲಿ ಗೆಳೆಯರು ಆಟಿಗೆ, ಮಿಠಾಯಿ ಕೊಂಡರೆ ಇವನು ಅಜ್ಜಿಯ ಕೈ ಹಂಚಿನ ಮೇಲೆ ಸುಡುತ್ತದೆಂದು ಚಿಮಟ ಕೊಳ್ಳುತ್ತಾನೆ. ರೊಟ್ಟಿ ಸುಡುವ ನಮ್ಮ ಮನೆಗಳಲ್ಲಿ ಈ ಕತೆಗೆ ಟಿಪ್ಪಣಿ ಬೇಕಿಲ್ಲ. ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದು ಕಲಿಸಿದ ಪ್ರಸಂಗವೂ ಇದರ ಜೊತೆ ಹೊಂದುತ್ತದೆ. 'ಕರ್ಮವೀರ'ದಲ್ಲಿ ತ್ರಿವೇಣಿಯವರ 'ಕಾಶಿಯಾತ್ರೆ' ಧಾರಾವಾಹಿಯಾಗಿ ಬರುತ್ತಿತ್ತು. ಮೊಮ್ಮಗಳು ಊರಲ್ಲಿಲ್ಲದ ವಾರ ಅದನ್ನು ಓದಲಾಗದೆ ಅಜ್ಜಿ ನೊಂದುಕೊಳ್ಳುತ್ತಾರೆ. ಬೆಳೆಯುವುದು ಮಕ್ಕಳ ಸೊತ್ತು ಮಾತ್ರ ಅಲ್ಲ ಎಂದು ಮಗುವಿಗೆ ಕಾಣುವುದು ಇಂಥಲ್ಲಿ.

ಮನೆ ಬಿಟ್ಟು ಹೊರಡುವ ಮಗುವಿಗೆ 'ಹೈಡಿ'. ಸ್ವಿಟ್ಜರ್ಲೆಂಡಿನ ಯೊಹಾನಾ ಸ್ಪೀರಿ ಬರೆದ ಇದರ ಮೊದಲ ಭಾಗ 1880ರ ಹೊತ್ತಿಗೆ ಬಂದದ್ದು. ಬೆಟ್ಟದ ಮೇಲೆ ಅಜ್ಜ, ಆಡು, ಹಾಲು ಎಂದಿದ್ದ ಹುಡುಗಿಯನ್ನು ಫ್ರಾಂಕ್‌ಫರ್ಟ್ ಪಟ್ಟಣದ ದೊಡ್ಡ ಮನೆಗೆ ಒಯ್ಯುತ್ತಾರೆ. ಊರ ನೆನಪಿಗೆ ಅವಳು ನಿದ್ದೆಯಲ್ಲೇ ಎದ್ದು ನಡೆಯತೊಡಗುತ್ತಾಳೆ. ಊಟಕ್ಕೆ ಕೊಟ್ಟ ಮೆತ್ತಗಿನ ಬಿಳಿ ಬನ್ನುಗಳನ್ನು ಬೀರುವಿನಲ್ಲಿ ಬಚ್ಚಿಡುತ್ತಾಳೆ, ಊರಿನಲ್ಲಿ ಗೆಳೆಯ ಪೀಟರನ ಅಜ್ಜಿಗೆ ಗಟ್ಟಿ ಕಪ್ಪು ಬ್ರೆಡ್ಡು ಜಗಿಯಲು ಬರುವುದಿಲ್ಲವೆಂದು. ಕಟಕ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ತಿನ್ನುವ ಆಯಿಯನ್ನು ಕಂಡ ಮಗುವಿಗೆ ಇದು ಸೀದಾ ನಾಟುತ್ತದೆ. ಹೈಡಿ ಉದ್ದ ಪುಸ್ತಕ. ದೇವರ ಮಾತು ಬಹಳ ಬರುವ ಕಡೆ ನೀವು ಸಂಕ್ಷೇಪಿಸಿ ಹೇಳಬಹುದು.

ಪತ್ತೇದಾರಿ ಬೇಕೆನ್ನುವವರಿಗೆ ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಬರೆದ 'ಎಮಿಲ್ ಮತ್ತು ಪತ್ತೇದಾರರು'. ಒಬ್ಬನೇ ರೈಲಿನಲ್ಲಿ ಬರ್ಲಿನ್‌ಗೆ ಹೊರಟ ಎಮಿಲ್, ಅವ್ವ ದುಡಿದು ಕೂಡಿಟ್ಟ 140 ಮಾರ್ಕ್ ಹಣವನ್ನು ಕೋಟಿನ ಒಳಗೆ ಪಿನ್ನು ಚುಚ್ಚಿ ಇಟ್ಟಿರುತ್ತಾನೆ. ನಿದ್ದೆ ಹತ್ತಿದಾಗ ಹಣ ಹೋಗುತ್ತದೆ. ಪಟ್ಟಣದ ಅಪರಿಚಿತ ಹುಡುಗರೆಲ್ಲ ಸೇರಿ ಕಳ್ಳನ ಬೆನ್ನು ಹತ್ತುತ್ತಾರೆ. ಹಣ ಎಮಿಲನದೇ ಎಂದು ಸಾಬೀತು ಮಾಡುವುದು ನೋಟಿನಲ್ಲಿ ಪಿನ್ನು ಮಾಡಿದ ತೂತು.

ಇ.ಬಿ. ವೈಟ್ 1952ರಲ್ಲಿ ಬರೆದ 'ಶಾರ್ಲೆಟ್ಸ್ ವೆಬ್' ಎಂಬ, ಹಂದಿಮರಿ ವಿಲ್ಬರ್ ಮತ್ತು ಜೇಡ ಶಾರ್ಲೆಟ್‌ಳ ಗೆಳೆತನದ ಕತೆಯೂ ಈ ವಯಸ್ಸಿನದೇ. ಸಾವಿನ ಮಾತು ಇದೆ, ಅದಕ್ಕೆ ಕೆಳಗಿನ 7ನೇ ಭಾಗ ನೋಡಿ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1945ರಲ್ಲಿ ಕೊಟ್ಟ ಪಿಪ್ಪಿ, ಕುದುರೆ ಮತ್ತು ಮಂಗನ ಜೊತೆ ಒಬ್ಬಳೇ ಇರುವ ಕಿಲಾಡಿ ಹುಡುಗಿ. ಶಾಲೆಯಲ್ಲಿ ಓದಿದರೆ ಕೆಲ ಅಕ್ಕೋರಿಗೆ ಹಿಡಿಸದೇ ಹೋಗಬಹುದು, ಮಕ್ಕಳು ಮಾತ್ರ ಹೊಟ್ಟೆ ಹಿಡಿದು ನಗುತ್ತಾರೆ.

*10ರಿಂದ 13.* ಈ ವಯಸ್ಸಿನಲ್ಲಿ ಪುಸ್ತಕ ಜಾಸ್ತಿ ಕೆಲಸ ಮಾಡುತ್ತದೆ, ತಪ್ಪು ಪುಸ್ತಕವಾದರೆ ಜಾಸ್ತಿ ಮುನಿಸೂ ತರುತ್ತದೆ.

ಆರ್.ಕೆ. ನಾರಾಯಣ್ 1935ರಲ್ಲಿ ಪ್ರಕಟಿಸಿದ 'ಸ್ವಾಮಿ ಮತ್ತು ಅವನ ಸ್ನೇಹಿತರು' ಗೆಳೆಯ ಊರು ಬಿಟ್ಟ ಹುಡುಗನಿಗೆ. ಎಚ್.ವೈ. ಶಾರದಾ ಪ್ರಸಾದ್ ಇದನ್ನು ಕನ್ನಡಕ್ಕೆ ತಂದಿದ್ದಾರೆ. ಕ್ರಿಕೆಟ್ ಪಂದ್ಯ ತಪ್ಪಿಸಿದ ಸ್ವಾಮಿಯ ಮೇಲೆ ರಾಜಂ ಮುನಿಸಿಕೊಳ್ಳುತ್ತಾನೆ, ಅಪ್ಪನ ವರ್ಗದಿಂದ ಊರು ಬಿಡುತ್ತಾನೆ. ರೈಲು ಹೊರಡುವಾಗ ಸ್ವಾಮಿ ಒಂದು ಪುಸ್ತಕ ಕೊಡುತ್ತಾನೆ, ರಾಜಿ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಕೊನೆಯನ್ನು ನೀವು ಸಿಹಿ ಮಾಡಲು ಹೋಗಬೇಡಿ.

ಅವ್ವ ದೂರ ದುಡಿಯಲು ಹೋದ ಮಕ್ಕಳಿಗೆ ಬೆವರ್ಲಿ ನಾಯ್ಡೂ 1985ರಲ್ಲಿ ಬರೆದ 'ಜರ್ನಿ ಟು ಜೋಬರ್ಗ್'. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಮನೆಗೆಲಸಕ್ಕೆ ಹೋದ ತಾಯಿಯನ್ನು ಕರೆತರಲು, ಕೂಸು ತಂಗಿಗೆ ಜಡ್ಡಾಗಿದ್ದರಿಂದ, 13ರ ನಲೇದಿ ಮತ್ತು 9ರ ತಮ್ಮ ತೀರೊ 300 ಕಿಲೋಮೀಟರ್ ದಾರಿ ಹಿಡಿಯುತ್ತಾರೆ. ಆ ದೇಶದಲ್ಲಿ ಈ ಪುಸ್ತಕಕ್ಕೆ 1991ರ ತನಕ ನಿಷೇಧವಿತ್ತು. ತೆಳುವಾದ ಪುಸ್ತಕ, ಸರಳ ಇಂಗ್ಲಿಷ್. ಹೈಸ್ಕೂಲು ಮುಗಿಸಿದ ಅಕ್ಕ ಓದಿ ಕನ್ನಡದಲ್ಲಿ ಹೇಳಬಹುದು. ವರ್ಣಭೇದ ಅಂದರೆ ಏನು ಎಂದು ಮೊದಲೇ ಎರಡು ವಾಕ್ಯದಲ್ಲಿ ಹೇಳಿಡಿ: ಮೈಬಣ್ಣ ನೋಡಿ ಎಲ್ಲಿ ಇರಬೇಕು, ಯಾವ ಬಸ್ಸು ಹತ್ತಬೇಕು ಎಂದು ಕಾನೂನೇ ನಿಗದಿ ಮಾಡಿದ ಕಾಲ ಅದು.

ನೀರಿನ ಕಷ್ಟ ಗೊತ್ತಿದ್ದ ಊರಿಗೆ ಲಿಂಡಾ ಸೂ ಪಾರ್ಕ್ ಬರೆದ 'ಎ ಲಾಂಗ್ ವಾಕ್ ಟು ವಾಟರ್' (2010). ಸುಡಾನಿನಲ್ಲಿ ದಿನಕ್ಕೆ ಎರಡು ಸಲ ದೂರದ ಹೊಂಡಕ್ಕೆ ನೀರಿಗೆ ಹೋಗುವ ನ್ಯಾ ಎಂಬ ಹುಡುಗಿ, 1985ರಲ್ಲಿ ಯುದ್ಧಕ್ಕೆ ಹೆದರಿ ಓಡಿದ 11ರ ಸಾಲ್ವಾ, ಇಬ್ಬರ ಕತೆ ಅಕ್ಕಪಕ್ಕ ನಡೆದು ಕೊನೆಗೆ ಕೂಡುತ್ತದೆ. ಸಾಲ್ವಾ ದತ್ ನಿಜವಾದ ಮನುಷ್ಯ. ಅಲ್ಲಿನ ಮುಖ್ಯ ಧಾನ್ಯವೂ ನಮ್ಮ ಜೋಳವೇ ಎಂದು ಹೇಳಿದರೆ ಆ ಊರು ಕೂಡಲೇ ಹತ್ತಿರ ಬರುತ್ತದೆ. ಫೀ ಕಟ್ಟಲಾಗದೆ ಸಾಲಿ ಬಿಟ್ಟು, ಗ್ರಂಥಾಲಯದ ಪುಸ್ತಕ ನೋಡಿ ಗುಜರಿ ಸಾಮಾನಿನಿಂದ ಗಾಳಿಯಂತ್ರ ಕಟ್ಟಿದ ಮಲಾವಿಯ ವಿಲಿಯಂ ಕಾಮ್ಕ್ವಾಂಬನ ಆತ್ಮಕತೆ 'ಗಾಳಿ ಪಳಗಿಸಿದ ಬಾಲಕ' ಎಂದು ಕನ್ನಡದಲ್ಲಿದೆ. ಬರಗಾಲದ ಅಧ್ಯಾಯಗಳು ಗಟ್ಟಿ, ಅದಕ್ಕೆ 12 ದಾಟಿದವರಿಗೆ ಕೊಡಿ.

ಬಾಗಲಕೋಟೆಯವರು ಬಿಡಬಾರದ ಒಂದು: ನಾ. ಡಿಸೋಜರ ಮಕ್ಕಳ ಕಾದಂಬರಿ 'ಮುಳುಗಡೆಯ ಊರಿಗೆ ಬಂದವರು'. ಆಲಮಟ್ಟಿ ಹಿನ್ನೀರಿಗೆ ಹಳೆ ಊರು ಬಿಟ್ಟು ನವನಗರಕ್ಕೆ ಬಂದ ಮನೆಗಳಲ್ಲಿ ಇದನ್ನು ಓದಿದರೆ ಮುತ್ಯಾ ತಾವಾಗಿ ಮಾತು ತೆಗೆಯುತ್ತಾರೆ. ಅವರನ್ನು ತಡೆಯಬೇಡಿ, ಪುಸ್ತಕ ನಾಳೆಗೂ ಇರುತ್ತದೆ. 2021ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆದ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ಪಡೆದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಇವೂ ಈ ವಯಸ್ಸಿಗೆ ಸಲ್ಲುವ ಕಾದಂಬರಿಗಳು.

ಮುಖದ ವಿಕಲತೆ ಇರುವ ಹುಡುಗ ಮೊದಲ ಸಲ ಶಾಲೆಗೆ ಹೋಗುವ ಕತೆ ಆರ್.ಜೆ. ಪಲಾಸಿಯೊ ಅವರ 'ವಂಡರ್' (2012). ಅವನಷ್ಟೇ ಅಲ್ಲ, ಅಕ್ಕ, ಗೆಳೆಯ, ಎಲ್ಲರೂ ತಮ್ಮ ತಮ್ಮ ಮಾತು ಹೇಳುತ್ತಾರೆ. ಚಾಳಿಸುವ ಹುಡುಗರಿಗೇ ಇದನ್ನು ಮೊದಲು ಕೊಡಬೇಕು. ಗಲ್ಲಿ ಟೀಮಿನ ಹುಡುಗರಿಗೆ ಹಂಗೇರಿಯ ಫೆರೆಂತ್ಸ್ ಮೊಲ್ನಾರ್ ಬರೆದ 'ಪಾಲ್ ಸ್ಟ್ರೀಟ್ ಬಾಯ್ಸ್'. ಬುಡಾಪೆಸ್ಟಿನ ಒಂದು ಖಾಲಿ ಜಾಗದ ಸಲುವಾಗಿ ಎರಡು ಗುಂಪು ಹುಡುಗರ ಕಾಳಗ. ಎಲ್ಲರೂ ಅಧಿಕಾರಿಗಳು, ನೆಮೆಚೆಕ್ ಎಂಬ ಸಣ್ಣ ಹುಡುಗನೊಬ್ಬನೇ ಸಾದಾ ಸಿಪಾಯಿ.

*13 ದಾಟಿದವರಿಗೆ* ಹಿಟ್ಲರನ ನಾಜಿಗಳಿಗೆ ಹೆದರಿ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿ. 1942ರ ಜೂನ್ 12ರಂದು, ಹದಿಮೂರನೇ ಹುಟ್ಟುಹಬ್ಬಕ್ಕೆ ಅವಳಿಗೆ ಆ ಡೈರಿ ಸಿಕ್ಕಿತು. ಅದೇ ವಯಸ್ಸಿಗೆ ಕೊಡಿ, ಜೊತೆಗೆ ಒಂದು ಖಾಲಿ ನೋಟ್‌ಬುಕ್ ಕೊಡಿ. ಬರೆದದ್ದನ್ನು ನೀವು ಓದಲು ಹೋಗಬೇಡಿ.

4. ದುಡ್ಡು ಕೊಡುವ ಮುಂಚೆ ಆವೃತ್ತಿ ನೋಡಿ

ಒಂದೇ ಹೆಸರಿನಲ್ಲಿ ಪೂರ್ಣ ಪುಸ್ತಕವೂ ಇರುತ್ತದೆ, ಸಂಕ್ಷಿಪ್ತ ಆವೃತ್ತಿಯೂ ಇರುತ್ತದೆ. ಸಂಕ್ಷಿಪ್ತ ಅಂದರೆ ಮೂಲದ 300 ಪುಟವನ್ನು 60ಕ್ಕೆ ಇಳಿಸಿದ್ದು. ಇಳಿಸುವಾಗ ಘಟನೆ ಉಳಿದು ಸಣ್ಣ ಸಣ್ಣ ವಿವರ ಹೋಗುತ್ತವೆ, ಗೆಳೆತನ ಇರುವುದು ಆ ವಿವರದಲ್ಲೇ. ಪರೀಕ್ಷೆ ಸುಲಭ. 'ಹೈಡಿ'ಯಲ್ಲಿ ಬೀರುವಿನ ಬನ್ನು ಇದೆಯೇ? 'ಎಮಿಲ್'ನಲ್ಲಿ ಪಿನ್ನಿನ ತೂತು ಇದೆಯೇ? ಇಲ್ಲದಿದ್ದರೆ ಅಲ್ಲೇ ಇಟ್ಟು ಬನ್ನಿ.

ಅನುವಾದ ನೋಡುವ ರೀತಿ: ನಡುವಿನ ಯಾವುದೋ ಒಂದು ಪುಟದಲ್ಲಿ ಇಬ್ಬರು ಮಕ್ಕಳು ಮಾತಾಡುವ ಭಾಗ ಹುಡುಕಿ, ಅಂಗಡಿಯಲ್ಲೇ ಮೆಲ್ಲಗೆ ಓದಿ. ಎಂಟು ವರ್ಷದ ಹುಡುಗ 'ನನ್ನಿಂದ ಅದು ಮಾಡಲ್ಪಟ್ಟಿತು' ಎಂದು ಮಾತಾಡಿದರೆ ಮಗು ಎರಡನೇ ಪುಟ ದಾಟುವುದಿಲ್ಲ.

ಅಚ್ಚು, ಹೊಲಿಗೆ: ಸಣ್ಣ ಮಕ್ಕಳಿಗೆ ಅಕ್ಷರ 16 ಪಾಯಿಂಟಿಗಿಂತ ಸಣ್ಣದಿರಬಾರದು, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು. ಬೆನ್ನಿಗೆ ಬರೀ ಗೋಂದು ಹಚ್ಚಿದ ಪುಸ್ತಕ ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿ ಹಾಳೆ ಬಿಡುತ್ತದೆ. ಹತ್ತು ಕೈ ತಿರುಗುವ ಪುಸ್ತಕವಾದರೆ ಹೊಲಿಗೆ ಇರುವುದನ್ನೇ ತೆಗೆದುಕೊಳ್ಳಿ.

5. ಎಲ್ಲಿ ಸಿಗುತ್ತವೆ, ಹೇಗೆ ಮಾಡಿಕೊಳ್ಳಬೇಕು

ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಬೇಕಾದ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು ಮೂರನ್ನೂ ಬರೆದು ಮೇಲ್ವಿಚಾರಕರ ಕೈಗೆ ಕೊಡಿ. "ಚಲೋ ಕತಿ ಪುಸ್ತಕ ತರಿಸ್ರಿ" ಎಂದು ಬಾಯಲ್ಲಿ ಹೇಳಿದರೆ ಬರುವುದು ಮತ್ತೆ ಪಂಚತಂತ್ರವೇ. ಕೊಳ್ಳುವವರು ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ತೂಲಿಕಾ, ಪ್ರಥಮ್ ಇವರ ಕನ್ನಡ ಪಟ್ಟಿ ತರಿಸಿ ನೋಡಿ. ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ರಿಯಾಯಿತಿ ಇರುತ್ತದೆ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದ ಕತೆಗಳಿಗೆ ಮುಕ್ತ ಪರವಾನಗಿ ಇದೆ. ಅಂದರೆ ಲೇಖಕ, ಚಿತ್ರಕಾರರ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಅಚ್ಚು ಹಾಕಿ ಹಂಚಬಹುದು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ ಇರುವ ಬೆಳಗಾವಿ, ಖಾನಾಪುರ, ನಿಪ್ಪಾಣಿಯ ಮಕ್ಕಳಿಗೆ, ಮನೆಯಲ್ಲಿ ಉರ್ದು ಇರುವ ವಿಜಯಪುರದ ಮಕ್ಕಳಿಗೆ ಇದು ಬಹಳ ಉಪಯೋಗ. ಒಂದೇ ಕತೆಯನ್ನು ಎರಡೂ ಭಾಷೆಯಲ್ಲಿ ತೆಗೆದು ಕೊಟ್ಟರೆ ಅವ್ವ ಒಂದು ಓದುತ್ತಾಳೆ, ಮಗು ಇನ್ನೊಂದು.

ಝೆರಾಕ್ಸ್ ಅಂಗಡಿಯಲ್ಲಿ ಪುಸ್ತಿಕೆ ಮಾಡಿಸುವಾಗ ಇಷ್ಟು ಹೇಳಿ:

1. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 14 ಪುಟವಿದ್ದರೆ ಎರಡು ಖಾಲಿ ಪುಟ ಸೇರಿಸಿ 16 ಮಾಡಿಸಿ. 16 ಪುಟಕ್ಕೆ ಎ4 ಹಾಳೆ ನಾಲ್ಕು ಸಾಕು.
2. ಪ್ರಿಂಟಿನಲ್ಲಿ 'ಬುಕ್‌ಲೆಟ್' ಆಯ್ಕೆ ಒತ್ತಬೇಕು. ಒತ್ತದಿದ್ದರೆ ಪುಟದ ಕ್ರಮ ಅಡ್ಡಾದಿಡ್ಡಿ ಬರುತ್ತದೆ.
3. ಎರಡೂ ಬದಿ ಅಚ್ಚು, ಹಾಳೆ ಗಿಡ್ಡ ಅಂಚಿನ ಕಡೆ ತಿರುಗಬೇಕು. ಉದ್ದ ಅಂಚಿನ ಕಡೆ ತಿರುಗಿದರೆ ಹಿಂದಿನ ಪುಟ ತಲೆಕೆಳಗು.
4. ಪಿಡಿಎಫ್‌ನಿಂದಲೇ ಅಚ್ಚು ಹಾಕಿಸಿ. ಅಕ್ಷರ ನಕಲು ಮಾಡಿ ವರ್ಡ್‌ಗೆ ಹಾಕಿದರೆ ಫಾಂಟ್ ಹೊಂದದೆ ಒತ್ತಕ್ಷರ ಒಡೆಯಬಹುದು.
5. ಮಡಿಕೆಯ ಮೇಲೆ ಎರಡು ಪಿನ್ನು. ಸಾದಾ ಸ್ಟೇಪ್ಲರ್ ನಡುವಿಗೆ ಮುಟ್ಟುವುದಿಲ್ಲ, ಉದ್ದ ತೋಳಿನದು ಬೇಕು. ಇಲ್ಲದಿದ್ದರೆ ದಬ್ಬಣದಿಂದ ಮೂರು ತೂತು ಹಾಕಿ ದಪ್ಪ ದಾರದಿಂದ ಹೊಲಿಯಿರಿ.

6. ಓದಿ ಹೇಳಿ

ಗಟ್ಟಿ ಓದಿನ ವೇಗ ನಿಮಿಷಕ್ಕೆ 100 ಪದ ಇಟ್ಟುಕೊಳ್ಳಿ. ಪುಟಕ್ಕೆ ಸುಮಾರು 200 ಪದವಿದ್ದರೆ 15 ನಿಮಿಷಕ್ಕೆ ಏಳು ಪುಟ ಆಗುತ್ತದೆ. 120 ಪುಟದ ಪುಸ್ತಕ ಎರಡೂವರೆ ವಾರ. ಇದು ಗೊತ್ತಿದ್ದರೆ ರಜೆಯಲ್ಲಿ ಎಷ್ಟು ಮುಗಿಯುತ್ತದೆ ಎಂಬ ಅಂದಾಜು ಸಿಗುತ್ತದೆ, ಐದು ಪುಸ್ತಕ ತಂದು ಒಂದನ್ನೂ ಮುಗಿಸದ ಪಾಡು ತಪ್ಪುತ್ತದೆ.

ಹಗಲು ಒಂದು ಸಲ ನೀವು ಒಬ್ಬರೇ ಓದಿಕೊಳ್ಳಿ. ಒಂದು ಚೀಟಿಯಲ್ಲಿ ಹೆಸರುಗಳು, ಊರು, ಮೂರು ಘಟನೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬರೆದಿಡಿ. ನಿಲ್ಲಿಸುವುದು ಅಧ್ಯಾಯದ ಕೊನೆಯಲ್ಲಲ್ಲ, ಏನೋ ಆಗಲಿದೆ ಎನ್ನುವ ಹೊತ್ತಿಗೆ. "ಮುಂದ ಏನಾತು?" ಎಂದು ಮಗು ಕೇಳಿದರೆ ನಾಳೆಯ ಕೆಲಸ ಅರ್ಧ ಆಯಿತು.

ಮಾತಿನ ಭಾಗವನ್ನು ನಿಮ್ಮ ಮನೆಮಾತಿನಲ್ಲಿ ಹೇಳಿ. ಪುಸ್ತಕದಲ್ಲಿ 'ಅವನು ಏಕೆ ಅಳುತ್ತಿದ್ದಾನೆ?' ಎಂದಿದ್ದರೆ "ಅಂವ ಯಾಕ ಅಳಾಕತ್ತಾನ?" ಅನ್ನಿ. ವಿವರಣೆಯ ಭಾಗವನ್ನು ಇದ್ದಂತೆ ಓದಿ, ಗ್ರಂಥದ ಕನ್ನಡವೂ ಕಿವಿಗೆ ಬೀಳಬೇಕು. ಹೆಸರುಗಳನ್ನು ಮಾತ್ರ ಬದಲಿಸಬೇಡಿ. ಎಮಿಲನನ್ನು ಈರಣ್ಣ ಮಾಡಿದರೆ ಬರ್ಲಿನ್ನು ಗೋಕಾಕ ಆಗುವುದಿಲ್ಲ, ಕತೆ ಎರಡೂ ಕಡೆ ಸಲ್ಲದೆ ಹೋಗುತ್ತದೆ. ಕಷ್ಟದ ಹೆಸರನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿ, ಮೂರು ಸಲ ಹೇಳಿಸಿ, ನಕಾಶೆಯಲ್ಲಿ ಊರು ತೋರಿಸಿ. ನಾಲ್ಕನೇ ದಿನಕ್ಕೆ ಯಾಸುಆಕಿ ಪಕ್ಕದ ಮನೆಯ ಹುಡುಗನಾಗಿರುತ್ತಾನೆ.

ಗೊತ್ತಿಲ್ಲದ ವಸ್ತು ಬಂದರೆ ಒಂದು ಮಾತಿನಲ್ಲಿ ಹೇಳಿ ಮುಂದೆ ಸಾಗಿ. ಮಲಾವಿಯ ನ್ಸಿಮಾ ಅಂದರೆ ಗೋವಿನಜೋಳದ ಹಿಟ್ಟಿನ ಮುದ್ದೆ, ಅಷ್ಟು ಸಾಕು.

7. ಗಟ್ಟಿ ಪುಟಗಳು

ಯಾಸುಆಕಿ ಸಾಯುತ್ತಾನೆ. ಶಾರ್ಲೆಟ್ ಸಾಯುತ್ತಾಳೆ. ನೀರಿನಲ್ಲಿ ಮುಳುಗಿಸಿದ್ದರಿಂದ ಜ್ವರ ಬಂದು ನೆಮೆಚೆಕ್ ಸಾಯುತ್ತಾನೆ, ಅವನು ಕಾದ ಆ ಖಾಲಿ ಜಾಗದಲ್ಲಿ ಕಟ್ಟಡ ಏಳುವುದಿದೆ ಎಂದು ಗೊತ್ತಾಗುತ್ತದೆ. ಆನ್ ಫ್ರಾಂಕ್ ಬದುಕಿ ಬರಲಿಲ್ಲ. ಈ ಪುಟಗಳನ್ನು ಹಾರಿಸಿದರೆ ಮಗು ಒಂದಿನ ತಾನೇ ಓದಿ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತದೆ. ಹಾರಿಸಬೇಡಿ, ಹೊತ್ತು ಆರಿಸಿ. ರಾತ್ರಿ ಮಲಗುವ ಮುಂಚೆ ಬೇಡ, ರವಿವಾರ ಮಧ್ಯಾಹ್ನ ಓದಿ. ಮುಗಿದ ಕೂಡಲೇ ಪ್ರಶ್ನೆ ಬೇಡ. ಮಗು ಅತ್ತರೆ ಅಳಲಿ, "ಅದು ಬರೇ ಕತಿ, ಖರೇ ಅಲ್ಲ" ಅನ್ನಬೇಡಿ.

ಮನೆಯಲ್ಲಿ ಈಗಷ್ಟೇ ಸಾವಾಗಿದ್ದರೆ ಇಂಥ ಪುಸ್ತಕ ಕೂಡಲೇ ಬೇಡ. ಕೆಲವು ತಿಂಗಳು ಹೋಗಲಿ, ಮಗು ತಾನಾಗಿ ಆ ಹೆಸರು ತೆಗೆಯುವವರೆಗೆ ಕಾಯಿರಿ.

8. ಓದಿದ ಮೇಲೆ

"ಇದರಿಂದ ಏನು ಕಲಿತಿ?" ಎಂಬ ಪ್ರಶ್ನೆ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ಕೊಂದಿದೆ. ಮಗುವಿಗೆ ಬೇಕಾದ ಉತ್ತರ ಗೊತ್ತಿರುತ್ತದೆ, 'ಸ್ನೇಹದಿಂದ ಇರಬೇಕು' ಎಂದು ಒಪ್ಪಿಸಿ ಎದ್ದು ಹೋಗುತ್ತದೆ. ಅದರ ಬದಲು ಇಂಥವು ಕೇಳಿ: "ಹಮೀದಗ ಮಿಠಾಯಿ ಮ್ಯಾಲ ಆಸೆ ಆಗಿರಲಿಲ್ಲೇನು?" "ರಾಜಂ ಸಿಟ್ಟು ಬರೋಬರಿ ಇತ್ತೋ ಇಲ್ಲೋ?" "ನೀ ಇದ್ರ ಏನ್ ಮಾಡ್ತಿದ್ದಿ?" ಒಂದೇ ಪ್ರಶ್ನೆ ಸಾಕು. ಉತ್ತರ ಬರದಿದ್ದರೂ ಸರಿ. ಸಾರಾಂಶ ಬರೆಸುವುದು, ಅಂಕ ಕೊಡುವುದು ಬೇಡವೇ ಬೇಡ.

ಶಾಲೆ ಅಥವಾ ಗಲ್ಲಿಯಲ್ಲಿ ಪುಸ್ತಕ ತಿರುಗಿಸುವವರು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಪುಸ್ತಕ, ಮಗುವಿನ ಹೆಸರು, ಒಯ್ದ ದಿನ. ವಾರಕ್ಕೊಂದು ನಿಗದಿಯ ದಿನ ಇರಲಿ. ಬರೆಯುವ ಕೆಲಸ ಆರನೇ ಏಳನೇ ತರಗತಿಯ ಒಬ್ಬರಿಗೆ ಬಿಡಿ. ಒಂದು ಪುಸ್ತಕ ಎರಡು ತಿಂಗಳು ಯಾರೂ ಒಯ್ಯದಿದ್ದರೆ ಮಕ್ಕಳನ್ನು ದೂರಬೇಡಿ, ಅದರಿಂದ ಒಂದು ಅಧ್ಯಾಯ ನೀವೇ ಗಟ್ಟಿಯಾಗಿ ಓದಿ, ನಡುವೆ ನಿಲ್ಲಿಸಿ. ಆಗಲೂ ಹೋಗದಿದ್ದರೆ ಬೇರೆ ಶಾಲೆಗೆ ಕೊಟ್ಟು ಬೇರೆಯದು ತನ್ನಿ.

ಪುಸ್ತಕಕ್ಕೆ ಪಾರದರ್ಶಕ ಹೊದಿಕೆ ಹಾಕಿ. ಕಪಾಟು ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಕೆಳಗೆ ಇಟ್ಟಿಗೆ ಕೊಡಿ. ಗೆದ್ದಲು ಏರುವುದು ಗೋಡೆಯ ಬದಿಯಿಂದಲೇ. ಒಣಗಿದ ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿರಲಿ, ಹಸಿ ಎಲೆ ತೇವ ಹಿಡಿದು ಬೂಜು ತರುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ, ಬೇಸಿಗೆಗೆ ಅದು ಹಳದಿಯಾಗಿ ಅಂಟು ಬಿಟ್ಟು ಪಕ್ಕದ ಪುಟವನ್ನೂ ಹಿಡಿಯುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಹಚ್ಚಿ ಒತ್ತಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಬಿಡಿ. ಅಂಟಿನಲ್ಲಿ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹತ್ತುವುದಿಲ್ಲ. ಆದರೆ ಅದು ವಿಷ, ಆ ಕೆಲಸ ದೊಡ್ಡವರದು. ಉಳಿದ ಅಂಟನ್ನು ಮಕ್ಕಳ ಕೈಗೆ ಸಿಗದಂತೆ ಅಂದೇ ಚೆಲ್ಲಿಬಿಡಿ.